ಒಡೆಯದ ಹರಳುಗಳು

ಒದ್ದೆ ಹೊದಿಕೆಯ ಒಂದು ತುದಿ ಅತ್ತಿಗೆಯ ಕೈಯಲ್ಲಿ, ಇನ್ನೊಂದು ತುದಿ ತಂಗಿಯ ಕೈಯಲ್ಲಿ. ಒಬ್ಬಳು ಬಲಕ್ಕೆ ತಿರುಚಿದರೆ ಇನ್ನೊಬ್ಬಳು ಎಡಕ್ಕೆ. ನಡುವೆ ಹೊದಿಕೆ ಹಗ್ಗದ ಹಾಗೆ ಸುತ್ತಿಕೊಂಡು ನೀರು ಸುರಿಸುತ್ತಿತ್ತು.

"ಇನ್ನೂ ಗಟ್ಟಿಯಾಗಿ ಹಿಂಡು. ನಿನ್ನ ಕೈಯ ಜೋರೆಲ್ಲ ಕುಲುಮೆ ಮುಂದೆ ಮಾತ್ರವೋ?"

"ಹಿಂಡ್ತಾನೇ ಇದೀನಲ್ಲ ಅತ್ತಿಗೆ."

"ಹೌದೌದು, ನನ್ನ ಕಾಲು ತೊಳೀತಾ ಇದೀಯ."

ಮಹಡಿಯ ಮೇಲೆ ಬಿಸಿಲಿತ್ತು. ಅವರು ನಿಂತ ಜಾಗದ ಸರಿಯಾಗಿ ಕೆಳಗೆ, ಒಬ್ಬಳ ಗಂಡ, ಇನ್ನೊಬ್ಬಳ ಅಣ್ಣ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಕೂತಿದ್ದ. ಆಮ್ಲಜನಕದ ಯಂತ್ರ ಗುಂಯ್ ಅನ್ನುವುದು ಮೇಲಕ್ಕೂ ಕೇಳುತ್ತಿತ್ತು. ಶ್ವಾಸಕೋಶ ಒಣಗಿದ ಸ್ಪಂಜಿನ ಹಾಗಾಗಿದೆ, ಇನ್ನು ಮೊದಲಿನಂತಾಗುವುದಿಲ್ಲ ಅಂತ ಡಾಕ್ಟರು ಹೇಳಿಯಾಗಿತ್ತು.

"ಇವತ್ತು ಅವರ ಮುಂದೆ ಆ ಪತ್ರದ ಮಾತು ಎತ್ತಬೇಡ," ಅಂದಳು ಅತ್ತಿಗೆ. "ಬೆಳಗ್ಗೆ ಪೇಪರ್ ಓದ್ತಾ ನಕ್ಕಿದಾರೆ. ಎಷ್ಟು ದಿನ ಆಗಿತ್ತು ನಗದೆ."

"ನಾನೆಲ್ಲಿ ಎತ್ತಿದೆ?"

"ಬಾಯಲ್ಲಿ ಎತ್ತಲ್ಲ, ಮುಖದಲ್ಲಿ ಎತ್ತುತೀಯ. ನೀನು ಬಾಗಿಲಲ್ಲಿ ಬಂದು ನಿಂತರೆ ಸಾಕು, ಸಾಲ ಕೇಳೋಕೆ ಬಂದೋರ ಹಾಗೆ ಇರುತ್ತೆ."

ತಂಗಿ ಹೊದಿಕೆಯನ್ನು ಕೊಡವಿ ತಂತಿಯ ಮೇಲೆ ಹರವಿದಳು.

ಅಣ್ಣ ತಂಗಿ ಇಬ್ಬರೂ ಒಂದೇ ಸಂಶೋಧನಾಲಯದಲ್ಲಿ ಜೀವ ಸವೆಸಿದವರು. ಅವಳ ಕುಲುಮೆಗಳು ಮೇಲಿನ ಮಹಡಿಯಲ್ಲಿ, ಅವನ ತಣಿಸುವ ಯಂತ್ರ ನೆಲಮಾಳಿಗೆಯಲ್ಲಿ. ಅವಳು ಲೋಹಗಳನ್ನು ತವರದ ಜೊತೆ ಕರಗಿಸಿ, ನಿಧಾನವಾಗಿ ಆರಿಸಿ, ತವರವನ್ನು ಬಸಿದು ಹರಳು ತೆಗೆಯುತ್ತಿದ್ದಳು. ಅವನು ಆ ಹರಳನ್ನು ಒತ್ತಿ, ತಣಿಸಿ ಅಳೆಯುತ್ತಿದ್ದ. ಜೊತೆಯವರು ಅವನಿಗೆ ಚಳಿಯಪ್ಪ, ಅವಳಿಗೆ ಹರಳಮ್ಮ ಅಂತ ಹೆಸರಿಟ್ಟಿದ್ದರು. ಅತ್ತಿಗೆಗೆ ಇದರ ಗೊಡವೆ ಇರಲಿಲ್ಲ. ಅವಳದು ದರ್ಜಿ ಅಂಗಡಿ. "ನನ್ನ ಅಳತೆ ತಪ್ಪಿದರೆ ಗಿರಾಕಿ ಬಟ್ಟೆ ತಂದು ಮುಖಕ್ಕೇ ಬಿಸಾಕ್ತಾರೆ. ನಿಮ್ಮ ಗಿರಾಕಿಗೆ ಬಾಯಿಲ್ಲ, ನಿಮ್ಮದು ಸುಖ," ಅಂತ ಇಬ್ಬರನ್ನೂ ಹಂಗಿಸುತ್ತಿದ್ದಳು.

ಅವರು ಅಳೆಯುತ್ತಿದ್ದದ್ದು ಏನು ಅಂತ ಹೇಳದೆ ಮುಂದೆ ಹೋದರೆ ಉಳಿದದ್ದು ತಲೆಗೆ ಹತ್ತುವುದಿಲ್ಲ. ತಾಮ್ರದ ತಂತಿಯಲ್ಲಿ ಎಲೆಕ್ಟ್ರಾನುಗಳು ಪೇಟೆ ಬೀದಿಯ ಜನರ ಹಾಗೆ, ನೀನ್ಯಾರೋ ನಾನ್ಯಾರೋ ಅಂತ ಹೋಗುತ್ತಾ ಇರುತ್ತವೆ. ಇವರು ಕೈಹಾಕಿದ ಲೋಹ ಅಂಥದ್ದಲ್ಲ. ಅದು ಕಿಕ್ಕಿರಿದ ಮನೆ. ಒಬ್ಬರು ಮಗ್ಗುಲು ಬದಲಿಸಿದರೆ ಎಲ್ಲರೂ ಬದಲಿಸಬೇಕು, ಒಬ್ಬರು ಕೆಮ್ಮಿದರೆ ಎಲ್ಲರಿಗೂ ಎಚ್ಚರ. ಚೆನ್ನಾಗಿ ತಣಿಸಿದರೆ ಆ ಮನೆಯೊಳಗಿನ ಸಣ್ಣ ಸಣ್ಣ ಕಾಂತಗಳು ಶಿಸ್ತಾಗಿ ಸಾಲು ನಿಲ್ಲುತ್ತವೆ. ಬಿಸಿ ಮಾಡಿದರೆ ಸಾಲು ಕೆಡುತ್ತದೆ. ಇದರಲ್ಲಿ ಸೋಜಿಗವಿಲ್ಲ, ಮಂಜುಗಡ್ಡೆ ನೀರಾದ ಹಾಗೆ. ಸೋಜಿಗ ಇರುವುದು ಒತ್ತಿದಾಗ. ಒತ್ತಿದಷ್ಟೂ ಸಾಲು ನಿಲ್ಲಲು ಇನ್ನಷ್ಟು ಚಳಿ ಬೇಕಾಗುತ್ತದೆ. ಒತ್ತಡ ಒಂದು ಗಡಿ ಮುಟ್ಟಿತೆಂದರೆ, ಇನ್ನು ಇದಕ್ಕಿಂತ ತಣ್ಣಗೆ ಆಗುವುದೇ ಇಲ್ಲ ಅನ್ನುವ ಸೊನ್ನೆಯಲ್ಲೂ ಸಾಲು ನಿಲ್ಲುವುದಿಲ್ಲ. ಅಲ್ಲಿ ಕೆಡಿಸಲು ಶಾಖವೇ ಇಲ್ಲ. ಆದರೂ ಕೆಡುತ್ತದೆ. ಎಂಥ ಚಳಿಗೂ ಅಡಗದ ಒಂದು ನಡುಕ ವಸ್ತುವಿನ ಒಳಗೇ ಇದೆ, ಅದು ಕೆಡಿಸುತ್ತದೆ. ಇದಕ್ಕೆ ಕ್ವಾಂಟಮ್ ಸ್ಥಿತ್ಯಂತರ ಅಂತ ಹೆಸರು.

ಪ್ರಶ್ನೆ ಒಂದೇ. ಆ ಸಾಲು ಮೆಲ್ಲಗೆ ಸೊರಗಿ ಸೊರಗಿ ಇಲ್ಲವಾಗುತ್ತದೆಯೋ, ಇದ್ದಕ್ಕಿದ್ದ ಹಾಗೆ ಧೊಪ್ಪನೆ ಬಿದ್ದುಹೋಗುತ್ತದೆಯೋ? ಮೆಲ್ಲಗೆ ಅಂತಾದರೆ ಗಡಿಯ ಹತ್ತಿರ ಆ ನಡುಕ ಲೋಹದ ತುಂಬ ಹಬ್ಬಿ, ಯಾರೂ ಕಂಡಿರದ ಗುಣಗಳು ಹುಟ್ಟುತ್ತವೆ. ಜಿಗಿತ ಅಂತಾದರೆ ಏನೂ ಇಲ್ಲ. ಆಚೆ ಬೇರೆ, ಈಚೆ ಬೇರೆ, ನಡುವೆ ಖಾಲಿ.

ಅಣ್ಣ ಮೆಲ್ಲಗೆ ಅಂತ ತೋರಿಸಿದ್ದ. ಸಂಜೆಯ ಬೆಳಕು ಇಳಿದ ಹಾಗೆ ಅವನ ಅಳತೆಯ ನಕ್ಷೆಯಲ್ಲಿ ಗೆರೆ ಸೊನ್ನೆಗೆ ಇಳಿದಿತ್ತು. ಅದು ಅಣ್ಣ ತಂಗಿಯ ಹೆಸರಿನಲ್ಲಿ ಪ್ರಬಂಧವಾಗಿ ಅಚ್ಚಾಯಿತು, ಪುಸ್ತಕಗಳಲ್ಲಿ ಬಂತು. ಅದನ್ನು ನಂಬಿ ಹಲವರು ತಮ್ಮ ತಮ್ಮ ಲೋಹ ಹಿಡಿದು ಹೊರಟರು.

ಕೆಲಸದ ರೀತಿ ಹೀಗಿತ್ತು. ಪೆನ್ಸಿಲ್ ಮೊನೆಯಷ್ಟಿರುವ ಹರಳಿಗೆ ಕೂದಲಿಗಿಂತ ತೆಳುವಾದ ಚಿನ್ನದ ತಂತಿ ಅಂಟಿಸಿ, ಎಣ್ಣೆ ತುಂಬಿದ ಪುಟ್ಟ ಬಟ್ಟಲಿಗೆ ಇಳಿಸಿ, ಅದನ್ನು ದಪ್ಪ ಲೋಹದ ಕೊಳವೆಯಲ್ಲಿ ಕೂರಿಸಿ ತಿರುಪು ಬಿಗಿಯುವುದು. ಎಣ್ಣೆ ಹರಳನ್ನು ಎಲ್ಲ ಕಡೆಯಿಂದ ಒತ್ತುತ್ತದೆ. ಆಮೇಲೆ ದ್ರವ ಹೀಲಿಯಂನಲ್ಲಿ ತಣಿಸುವುದು. ತಣಿದಾಗ ಎಣ್ಣೆಯೇ ಕಲ್ಲಾಗುತ್ತದೆ. ಕಲ್ಲಾಗುವಾಗ ಬಹಳ ಸಲ ಹರಳಿನ ಒಂದು ಬದಿಗೆ ಹೆಚ್ಚು, ಇನ್ನೊಂದು ಬದಿಗೆ ಕಡಿಮೆ ಒತ್ತುತ್ತದೆ. ಅಂದರೆ ಹರಳಿನ ಒಂದು ಚೂರು ಗಡಿ ದಾಟಿರುತ್ತದೆ, ಇನ್ನೊಂದು ಈಚೆಗೇ ನಿಂತಿರುತ್ತದೆ. ಒಟ್ಟಿಗೆ ಅಳೆದರೆ ಗೆರೆ ಮೆಲ್ಲಗೆ ಇಳಿದ ಹಾಗೇ ಕಾಣುತ್ತದೆ.

ಕೆಲವು ಸಲ ಮಾತ್ರ ಎಣ್ಣೆ ಚೆನ್ನಾಗಿ ಕೂತು ಒತ್ತಡ ಸಮವಾಗಿ ಇರುತ್ತಿತ್ತು. ಆಗ ಗೆರೆ ಒಂದೇ ಏಟಿಗೆ ಬೀಳುತ್ತಿತ್ತು. ಅಣ್ಣ ಮೇಲಕ್ಕೆ ಫೋನ್ ಮಾಡಿ, "ಹರಳು ಒಡೀತು ಕಣೆ," ಅನ್ನುತ್ತಿದ್ದ. ಹರಳು ಒಡೆದರೂ ಗೆರೆ ಹಾಗೇ ಜಿಗಿಯುತ್ತದೆ, ಅದು ಸುಳ್ಳಲ್ಲ. ನಿಜವಾಗಿ ಒಡೆದಿದೆಯೇ ಅಂತ ತಿಳಿಯಬೇಕಾದರೆ ತಿರುಗಿ ಬಿಸಿ ಮಾಡಿ, ತಿರುಗಿ ತಣಿಸಿ ನೋಡಬೇಕು. ಒಡೆದ ಹರಳಾದರೆ ಗೆರೆ ಮತ್ತೆ ಅದೇ ಜಾಗದಲ್ಲಿ ಜಿಗಿಯುವುದಿಲ್ಲ. ಹೀಲಿಯಂ ಸರದಿಯ ಮೇಲೆ ಬರುತ್ತಿತ್ತು. ಒಡೆದ ಹರಳಿಗೆ ಹೀಲಿಯಂ ಸುರಿಯುವುದು ದಂಡ ಅಂತ ಅವನು ಅಲ್ಲಿಗೇ ನಿಲ್ಲಿಸಿ, ಹರಳನ್ನು ಕಾಗದದಲ್ಲಿ ಮಡಚಿ ಮೇಲಕ್ಕೆ ಕಳಿಸಿಬಿಡುತ್ತಿದ್ದ.

ಹರಳು ಒಡೆದರೆ ತಪ್ಪು ಬೆಳೆಸಿದವಳದು. ತಂಗಿ ಮಾತಿಲ್ಲದೆ ಇನ್ನೂ ಶುದ್ಧವಾದ ತವರ ತರಿಸುವಳು, ಇನ್ನೂ ನಿಧಾನವಾಗಿ ಆರಿಸುವಳು. ಹರಳು ಚೆನ್ನಾದಷ್ಟೂ ಹೆಚ್ಚು ಹೆಚ್ಚು ಒಡೆಯತೊಡಗಿತು. ಇದೇನು ನನ್ನ ಕೈಗುಣ ಅಂತ ಅವಳು ಊಟ ಬಿಟ್ಟು ಕೂತದ್ದೂ ಉಂಟು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀನು ನೆಲ ಡೊಂಕಿದ್ದರೂ ನನ್ನ ಕಾಲೇ ಡೊಂಕು ಅನ್ನೋಳು," ಅಂತ ಅತ್ತಿಗೆ ಬೈದು ತಟ್ಟೆ ಮುಂದಿಡುತ್ತಿದ್ದಳು.

ಹೋದ ವರ್ಷ ನೆಲಮಾಳಿಗೆಯನ್ನು ಬೇರೆಯವರಿಗೆ ಕೊಟ್ಟರು. ತಣಿಸುವ ಯಂತ್ರವನ್ನು ಬಿಚ್ಚಿ ಒಯ್ದರು. ತಂಗಿಯೂ ತನ್ನ ಕೋಣೆ ಖಾಲಿ ಮಾಡುತ್ತಿದ್ದಾಗ ಒಡೆದ ಹರಳುಗಳ ಡಬ್ಬಿ ಸಿಕ್ಕಿತು. ಕೈಯಾರೆ ಬೆಳೆಸಿದ್ದನ್ನು ಕಸಕ್ಕೆ ಹಾಕಲು ಮನಸ್ಸು ಬಾರದೆ ಇಟ್ಟುಕೊಂಡಿದ್ದಳು. ಎಸೆಯುವ ಮುಂಚೆ ಒಮ್ಮೆ ನೋಡೋಣ ಅಂತ ಒಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಬಿರುಕಿಲ್ಲ. ಇನ್ನೊಂದನ್ನು ಇಟ್ಟಳು. ಬಿರುಕಿಲ್ಲ. ಎಕ್ಸ್-ರೇಗೆ ಒಡ್ಡಿದರೆ, ಒಡೆಯದ ಹರಳಿಗೆ ಬರಬೇಕಾದ ಚುಕ್ಕಿಗಳೇ ಸೂಜಿಯಿಂದ ಚುಚ್ಚಿದ ಹಾಗೆ ಚೊಕ್ಕವಾಗಿ ಬಂದವು. ಡಬ್ಬಿಯ ತಳ ಕಾಣುವವರೆಗೂ ನೋಡಿದಳು. ಒಡೆದದ್ದು ಒಂದೂ ಇರಲಿಲ್ಲ.

ಮೊದಲು ಅವಳಿಗೆ ಆದದ್ದು ಸಂತೋಷ. ನನ್ನ ಕೈ ಸರಿಯಾಗೇ ಇತ್ತಲ್ಲ ಅನ್ನುವ ಸಂತೋಷ. ಅದು ಒಂದು ಲೋಟ ಟೀ ಆರುವಷ್ಟು ಹೊತ್ತು ಇತ್ತು. ಆಮೇಲೆ ಅದರ ಹಿಂದಿನದು ಅರ್ಥವಾಯಿತು. ಹರಳು ಒಡೆದಿಲ್ಲ ಅಂದರೆ ಜಿಗಿತ ನಿಜ. ಜಿಗಿತ ನಿಜ ಅಂದರೆ ಇಷ್ಟು ವರ್ಷ ಅವರು ಒಳ್ಳೆಯ ಅಳತೆಗಳನ್ನೆಲ್ಲ ಹುಡುಕಿ ಹುಡುಕಿ ಎಸೆದು, ಕೆಟ್ಟವನ್ನು ಜೋಪಾನ ಮಾಡಿದ್ದರು.

ಸಮನಾಗಿ ಒತ್ತುವ ಉಪಕರಣ ಇದ್ದ ಬೇರೊಂದು ಕಡೆಯ ಗೆಳತಿಗೆ ಎರಡು ಹರಳು ಕಳಿಸಿದಳು. ಅಲ್ಲಿಂದ ಅಳತೆಯ ಗೆರೆಯ ಚಿತ್ರ ಬಂತು. ಅದನ್ನು ಹಿಡಿದು ಅಣ್ಣನ ಮುಂದೆ ನಿಂತಳು.

ಅಣ್ಣ ಬಹಳ ಹೊತ್ತು ನೋಡಿದ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ.

"ತಣಿಸುವಾಗಲೂ ಬಿಸಿ ಮಾಡುವಾಗಲೂ ಜಿಗೀತಾ?"

"ಎರಡು ಕಡೆಯಿಂದಲೂ."

"ಎಷ್ಟು ಸಲ ನೋಡಿದರು?"

"ನೀನು ಎಷ್ಟು ಸಲ ಕೇಳ್ತೀಯೋ ಅಷ್ಟು ಸಲ."

ಚಿತ್ರವನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡ. ಆಗಿನ್ನೂ ನಳಿಗೆ ಬಂದಿರಲಿಲ್ಲ, ಆದರೆ ಮೆಟ್ಟಿಲು ಹತ್ತುವುದು ನಿಂತಿತ್ತು. "ನಮ್ಮ ಪ್ರಬಂಧವನ್ನು ವಾಪಸ್ ತಗೋಬೇಕು," ಅಂದ. "ಪತ್ರ ಬರೆದಿಡು. ನಾನು ಹೋದ ಮೇಲೆ ಕಳಿಸು. ಹೆಚ್ಚು ದಿನ ಕಾಯಿಸಲ್ಲ. ಮಾತು ಕೊಡು."

ಅವಳು ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟಳು. ಸಂಜೆಯೇ ಪತ್ರ ಬರೆದಳು. ಪತ್ರ ಕಂಪ್ಯೂಟರಿನಲ್ಲಿ ಕೂತಿತು, ಅಣ್ಣ ಕುರ್ಚಿಯಲ್ಲಿ ಕೂತ. ಸಾವು ಕೂಡ ಸರದಿಯ ಹೀಲಿಯಂ ಹಾಗೆ, ಇವತ್ತು ನಾಳೆ ಅನ್ನುತ್ತಾ ಬರಲಿಲ್ಲ. ಚಳಿಗಾಲ ಕಳೆಯಿತು, ಅಣ್ಣ ಇದ್ದ. ಬೇಸಿಗೆ ಬಂತು, ನಳಿಗೆ ಬಂತು, ಅಣ್ಣ ಇದ್ದ. ದಿನಾ ಬೆಳಗ್ಗೆ ಆ ಯಂತ್ರದ ಗುಂಯ್ ಸದ್ದು ಕಿವಿಗೆ ಬಿದ್ದಾಗ ತನ್ನೊಳಗೆ ಏನೋ ಒಂದು ಕುಸಿಯುತ್ತದೆ ಅಂತ ತಂಗಿಗೆ ಗೊತ್ತಾಯಿತು. ಅದು ಏನು ಅಂತ ಗೊತ್ತಾದ ದಿನ ಅವಳು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಇದನ್ನು ಅತ್ತಿಗೆಗೆ ಹೇಳುವ ಹಾಗಿರಲಿಲ್ಲ. ಯಾರಿಗೆ ಹೇಳುವ ಹಾಗಿತ್ತು?

ಇವತ್ತು ಮಹಡಿಯಲ್ಲಿ ಹೊದಿಕೆಗೆ ಕ್ಲಿಪ್ಪು ಸಿಕ್ಕಿಸುವಾಗ ತಂಗಿಗೆ ಒಂದು ಫೋನ್ ಬಂತು. ದೂರದ ಊರಿನವಳು. ಅವಳೂ ಹರಳು ಬೆಳೆಸುವವಳೇ, ವಯಸ್ಸಿನಲ್ಲಿ ಮಗಳಂಥವಳು. ಇವರ ಗೆರೆಯನ್ನು ನಂಬಿ, ಇವರ ಲೋಹದ ದಾಯಾದಿಯಂಥ ಇನ್ನೊಂದು ಲೋಹದಲ್ಲಿ ಅದೇ ಮೆಲ್ಲಗಿನ ಇಳಿತ ಹುಡುಕುತ್ತಿದ್ದಳು. ನಿಮ್ಮ ಹರಳು ಒಡೆಯದಿರಲು ಏನು ಮಾಡುತ್ತೀರಿ ಅಂತ ಮೇಲಿಂದ ಮೇಲೆ ಕೇಳುವಳು. ಇನ್ನೂ ನಿಧಾನವಾಗಿ ಆರಿಸಿ ನೋಡಮ್ಮ ಅಂತ ತಂಗಿ ಹೇಳುವಳು. ಡಬ್ಬಿ ತೆರೆದ ಮೇಲೂ ಹಾಗೇ ಹೇಳಿದ್ದಳು. ಮಾತು ಕೊಟ್ಟಾಗಿತ್ತಲ್ಲ.

"ಮೇಡಂ, ಬಿಡುವಾಗಿದೀರಾ? ಒಂದು ವಿಷಯ ಹೇಳೋಣ ಅಂತ ಮಾಡಿದೆ. ನಾನು ಬಿಟ್ಟೆ."

"ಏನು ಬಿಟ್ಟೆ?"

"ಕೆಲಸ. ಇನ್ನೊಂದು ಅವಧಿ ಕೊಡಲ್ಲ ಅಂದರು. ಕೊಡೋದಕ್ಕೆ ತೋರಿಸೋಕೆ ಏನಿದೆ ನನ್ನ ಹತ್ತಿರ? ಎಲ್ಲಾ ಒಡೆದ ಹರಳೇ." ಅವಳು ನಕ್ಕಳು. "ಸೋಮವಾರದಿಂದ ಒಂದು ಔಷಧಿ ಕಂಪನಿಯ ಗೋದಾಮು ನೋಡ್ಕೋತೀನಿ. ತಪಾಸಣೆ ಕೆಲಸ. ಮಗೂಗೂ ಹತ್ತಿರ ಆಗುತ್ತೆ. ನೀವು ಇಷ್ಟು ವರ್ಷ ತಾಳ್ಮೆಯಿಂದ ಹೇಳಿಕೊಟ್ಟಿರಿ, ನನ್ನ ಕೈಗೇ ಬರಲಿಲ್ಲ. ಕೆಲವರ ಕೈಗೆ ಬರಲ್ಲ, ಅಲ್ವಾ ಮೇಡಂ?"

ತಂಗಿ ತಂತಿಯನ್ನು ಹಿಡಿದುಕೊಂಡಳು.

"ನಿನ್ನ ಹರಳು ಒಡೆದಿರಲಿಲ್ಲ."

"ಏನಂದಿರಿ?"

"ಒಡೆದಿರಲಿಲ್ಲಮ್ಮ. ಜಿಗಿತ ನಿಜ. ನಮ್ಮದರಲ್ಲೂ ಜಿಗಿತವೇ. ನಮ್ಮ ಗೆರೆ ತಪ್ಪು. ನೀನು ಅಳೆದದ್ದೇ ಸರಿ."

ಆ ಕಡೆ ಮಗುವೊಂದು ಏನನ್ನೋ ಬಡಿಯುತ್ತಿದ್ದ ಸದ್ದು ಬಂತು. ಅದು ನಿಂತಿತು. ಮತ್ತೆ ಶುರುವಾಯಿತು.

"ಇದು ನಿಮಗೆ ಯಾವಾಗ ಗೊತ್ತಾಯ್ತು?"

"ಹೋದ ವರ್ಷ."

"ಹೋದ ವರ್ಷ ನಾನಿನ್ನೂ ಅಲ್ಲೇ ಇದ್ದೆ, ಮೇಡಂ." ದನಿ ಏರಲಿಲ್ಲ, ಇಳಿಯಲಿಲ್ಲ. "ಆ ಹರಳನ್ನೆಲ್ಲ ನಾನು ತವರದ ಜೊತೆ ಮತ್ತೆ ಕರಗಿಸಿಬಿಟ್ಟೆ. ಒಂದೂ ಇಟ್ಟುಕೊಳ್ಳಲಿಲ್ಲ."

"ನಾನು ಬರೆದು ಕೊಡ್ತೀನಿ. ನಿನ್ನ ಮೇಲಿನವರಿಗೆ ನಾನೇ ಮಾತಾಡ್ತೀನಿ."

"ಬೇರೆಯವರು ಬಂದಾಯ್ತು ಆ ಜಾಗಕ್ಕೆ. ಇಡ್ತೀನಿ ಮೇಡಂ, ಮಗು ಅಳ್ತಾ ಇದೆ."

ಮಗು ಅಳುತ್ತಿರಲಿಲ್ಲ.

ಅತ್ತಿಗೆ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಎಲ್ಲವನ್ನೂ ಕೇಳುತ್ತಾ ನಿಂತಿದ್ದಳು. "ಬೇಡ, ಆ ಪತ್ರ ಕಳಿಸಬೇಡ," ಅಂದಳು. "ನಿನ್ನ ಕಾಲಿಗೆ ಬೀಳ್ತೀನಿ. ಹೋದೋಳು ಹೋದಳು. ಇರೋರನ್ನ ನೆಮ್ಮದಿಯಾಗಿ ಹೋಗೋಕೆ ಬಿಡು."

"ಇನ್ನೊಬ್ಬಳು ಯಾರೋ ಎಲ್ಲೋ ತನ್ನ ಕೈ ನೋಡ್ಕೊಂಡು ಕೂತಿರ್ತಾಳೆ ಅತ್ತಿಗೆ."

"ಇರಲಿ! ಊರಿನೋರ ಕೈಯೆಲ್ಲ ನಿನ್ನದಾ?"

ತಂಗಿ ಕೆಳಗಿಳಿದಳು. ಅತ್ತಿಗೆ ಬುಟ್ಟಿ ಅಲ್ಲೇ ಬಿಟ್ಟು ಹಿಂದೆಯೇ ಬಂದಳು.

ಅಣ್ಣನ ಕಿಟಕಿ ತೆರೆದಿತ್ತು. ಮಹಡಿಯ ಮಾತು ಅಲ್ಲಿಗೆ ಕೇಳುತ್ತದೆ ಅಂತ ಇಬ್ಬರಿಗೂ ಗೊತ್ತಿತ್ತು.

"ಅವಳಿಗೂ ಒಡೀತಾ ಇತ್ತಾ?" ಅಂದ ಅಣ್ಣ.

"ಒಡೀತಾ ಇರಲಿಲ್ಲ ಅಣ್ಣ."

"ಹ್ಞೂಂ. ಹಾಗೆ." ಒಂದು ಉಸಿರು ಎಳೆದುಕೊಂಡ. ಅವನಿಗೆ ಮಾತಿಗೊಂದು ಉಸಿರು ಬೇಕಾಗಿತ್ತು. "ಹೇಳಿಬಿಟ್ಟೆ ಅವಳಿಗೆ. ಮಾತು ಕೊಟ್ಟಿದ್ದೆ ನನಗೆ."

"ಕೊಟ್ಟಿದ್ದೆ. ಮುರಿದೆ. ಈಗ ಪತ್ರವನ್ನೂ ಕಳಿಸ್ತೀನಿ."

"ನಾನಿನ್ನೂ ಸತ್ತಿಲ್ಲ ಕಣೆ."

"ಅದಕ್ಕೇ ಕಳಿಸ್ತೀನಿ." ಅವಳು ಹಾಸಿಗೆಯ ಅಂಚಿಗೆ ಕೂತಳು. "ದಿನಾ ಬೆಳಗ್ಗೆ ಎದ್ದು ಈ ಯಂತ್ರದ ಸದ್ದು ಕೇಳಿಸ್ಕೋತೀನಿ. ಇನ್ನೂ ಇದಾನೆ ಅನ್ಕೋತೀನಿ. ಅದು ಖುಷಿಯಿಂದ ಅನ್ಕೊಳ್ಳೋ ಮಾತಲ್ಲ ಅಣ್ಣ. ನೀನು ಹೋಗಲಿ ಅಂತ ಕಾಯೋ ಕೆಲಸ ಕೊಟ್ಟೆ ನನಗೆ. ಒಡಹುಟ್ಟಿದವಳಿಗೆ ಕೊಡೋ ಕೆಲಸವಾ ಅದು?"

ಅತ್ತಿಗೆ ಬಾಗಿಲ ಚೌಕಟ್ಟಿಗೆ ಒರಗಿದ್ದಳು. ನಾದಿನಿಯ ಮುಖವನ್ನೇ ನೋಡಿದಳು, ಮೊದಲ ಸಲ ನೋಡುವವಳ ಹಾಗೆ. "ಥೂ," ಅಂದಳು, ಮೆಲ್ಲಗೆ. ಅಂಗಡಿಯ ಬೀಗದ ಕೈ ತೆಗೆದುಕೊಂಡು ಹೊರಗೆ ಹೋದಳು. ಬೀದಿಯ ಬಾಗಿಲು ಹಾಕಿಕೊಂಡ ಸದ್ದಾಯಿತು. ಇನ್ನು ಈ ಮನೆಯಲ್ಲಿ ತನಗೆ ತಟ್ಟೆ ಇಡುವವರಿಲ್ಲ ಅಂತ ತಂಗಿಗೆ ಆಗಲೇ ತಿಳಿಯಿತು.

ಅಣ್ಣ ಅವಳು ಹೋದ ಕಡೆ ನೋಡಲಿಲ್ಲ. "ಓದು," ಅಂದ.

"ಏನು?"

"ಪತ್ರ. ಏನು ಬರೆದಿದೀಯ ಓದು."

ತಂಗಿ ಕಂಪ್ಯೂಟರ್ ತಂದು ತೊಡೆಯ ಮೇಲಿಟ್ಟುಕೊಂಡು ಓದಿದಳು. ಸಂಪಾದಕರಿಗೆ, ಇಂಥ ಪ್ರಬಂಧ, ಇಂಥ ಕಾರಣ. ಕೆಲವು ಅಳತೆಗಳಲ್ಲಿ ಕಂಡ ಜಿಗಿತಕ್ಕೆ ಹರಳು ಒಡೆದದ್ದು ಕಾರಣವೆಂದು ತಿಳಿದು ಅವನ್ನು ಕೈಬಿಡಲಾಗಿತ್ತು ಅನ್ನುವ ಸಾಲಿಗೆ ಬಂದಾಗ ಅವನು ಕೈಯೆತ್ತಿದ.

"ಹಾಗಲ್ಲ. ಹರಳು ಒಡೆದಿದೆಯೋ ಇಲ್ಲವೋ ನೋಡಲಿಲ್ಲ ಅಂತ ಬರಿ. ಅಳೆದವನು ಒಂದು ಸಲವೂ ನೋಡಲಿಲ್ಲ ಅಂತ."

ತಂಗಿ ಬೆರಳುಗಳನ್ನು ಅಕ್ಷರಗಳ ಮೇಲಿಟ್ಟುಕೊಂಡೇ ಕೇಳಿದಳು. ಇಷ್ಟು ದಿನ ಕೇಳಿರಲಿಲ್ಲ. "ಯಾಕೆ ನೋಡಲಿಲ್ಲ ಅಣ್ಣ? ಮೇಲಕ್ಕೆ ಬಂದಿದ್ದರೆ ಸೂಕ್ಷ್ಮದರ್ಶಕ ಅಲ್ಲೇ ಇತ್ತು."

ಅವನು ಉತ್ತರಕ್ಕೆ ಉಸಿರು ಕೂಡಿಸಿಕೊಂಡ. "ಮೊದಲ ಸಲವೇ ಗೆರೆ ಅಷ್ಟು ಚೆನ್ನಾಗಿ ಬಂದುಬಿಟ್ಟಿತ್ತು. ಆಮೇಲೆ ಅದರ ಹಾಗೆ ಬಾರದ್ದೆಲ್ಲ ಒಡೆದದ್ದೇ ಅನ್ನಿಸ್ತಿತ್ತು."

ಅವಳು ಬರೆದಳು. ಓದಿ ಹೇಳಿದಳು. ಅವನು ತಲೆಯಾಡಿಸಿದ.

"ಇದನ್ನ ತೆಗೆದರೆ ಏನು ಉಳಿಯುತ್ತೆ ನಂದು?"

ಏನಾದರೂ ಹೇಳಬೇಕು ಅಂತ ತಂಗಿ ಹುಡುಕಿದಳು. ಅವನ ಉಳಿದ ಪ್ರಬಂಧಗಳೆಲ್ಲ ಆ ಗೆರೆಯ ಮೇಲೇ ನಿಂತಿದ್ದವು. ಯಂತ್ರವನ್ನು ಒಯ್ದಾಗಿತ್ತು. ಸುಳ್ಳು ಹೇಳಬಹುದಿತ್ತು, ಆದರೆ ಹೋದ ವರ್ಷದಿಂದ ಆಡಿದ ಸುಳ್ಳು ಇನ್ನೂ ನಾಲಿಗೆಯ ಮೇಲೇ ಇತ್ತು.

"ಗೊತ್ತಿಲ್ಲ ಅಣ್ಣ," ಅಂದಳು.

"ಹ್ಞೂಂ."

ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸುತ್ತಾ ಹೋದರು. ಅಣ್ಣನ ಎದೆ ಏರಿತು, ಇಳಿಯಿತು. ತಂಗಿ ಇಬ್ಬರ ಹೆಸರನ್ನೂ ಕೆಳಗೆ ಸೇರಿಸಿ, ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟಳು.

"ತಾಳು. ಚಿತ್ರ ಸೇರಿಸಿದೆಯಾ?"

ಸೇರಿಸಿರಲಿಲ್ಲ.

"ಜಿಗಿತದ ಚಿತ್ರ ಇಲ್ಲದೆ ಯಾರು ನಂಬ್ತಾರೆ?" ಅಂದ ಅವನು, ಹಿಂದೆ ನೆಲಮಾಳಿಗೆಯಿಂದ ಬೈಯುತ್ತಿದ್ದ ದನಿಯಲ್ಲೇ. ಆದರೆ ಉಸಿರು ಸಾಲದೆ ಕೊನೆಯ ಮಾತು ಉಡುಗಿಹೋಯಿತು.

ಅವಳು ಗೆಳತಿ ಕಳಿಸಿದ್ದ ಚಿತ್ರವನ್ನು ಹುಡುಕಿ ಸೇರಿಸಿದಳು. ಪರದೆಯನ್ನು ಅವನ ಕಡೆ ತಿರುಗಿಸಿ ತೋರಿಸಿದಳು. ಅವನು ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು, ಹೋಗಲಿ ಅನ್ನುವ ಹಾಗೆ ಕೈಯನ್ನು ಕುರ್ಚಿಯ ತೋಳಿನಿಂದ ಚೂರು ಎತ್ತಿದ.

ತಂಗಿ ಗುಂಡಿ ಒತ್ತಿದಳು. ಪತ್ರ ಹೋಯಿತು.